ಗಜನಿ ಗದ್ದೆಗೆ ಒಂದೇ ಬಾಗಿಲು

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ‘ಗಜನಿ’ ಅಂತ ಗದ್ದೆಗಳುಂಟು. ಉಬ್ಬರಕ್ಕೆ ಮುಳುಗುವ ತಗ್ಗು ನೆಲಕ್ಕೆ ಕಟ್ಟೆ ಹಾಕಿ ಮಾಡಿಕೊಂಡದ್ದು. ಇಲ್ಲಿಯ ಭತ್ತದ ಹೆಸರು ಕಗ್ಗ. ಉಪ್ಪು ತಾಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ. ಅಕ್ಕಿ ಕೆಂಪು.

ತೋಟ ಮಾಡುವ ನಮಗೆ ಅಚ್ಚರಿ ಎನಿಸುವುದು ಇದರ ಬೇಸಾಯ. ಮೊದಲ ಮಳೆ ಗದ್ದೆಯ ಉಪ್ಪು ತೊಳೆಯಬೇಕು. ಇಳಿತದಲ್ಲಿ ಕಟ್ಟೆಯ ಹಲಗೆ ಬಾಗಿಲು ತೆರೆದು ನೀರು ಹೊರಬಿಡುವುದು, ಉಬ್ಬರಕ್ಕೆ ಮುಚ್ಚುವುದು. ಆಮೇಲೆ ಮೊಳಕೆ ಬರಿಸಿದ ಬೀಜ ಎರಚಿದರಾಯ್ತು. ನಾಟಿಯಿಲ್ಲ, ಗೊಬ್ಬರವಿಲ್ಲ. ಕೊಯ್ಲಿಗೆ ತೆನೆ ಮಾತ್ರ. ಹುಲ್ಲು ಅಲ್ಲೇ ನಿಲ್ಲುತ್ತದೆ. ಬಳಿಕ ಉಪ್ಪು ನೀರು ಒಳಬಿಡುತ್ತಾರೆ. ಅದರೊಟ್ಟಿಗೆ ಬಂದ ಮೀನು, ಸಿಗಡಿ ಕೊಳೆತ ಹುಲ್ಲಿನ ಆಶ್ರಯದಲ್ಲಿ ಬೆಳೆಯುತ್ತವೆ. ಮೀನಿನ ಹಿಕ್ಕೆಯೇ ಮುಂದಿನ ಬೆಳೆಗೆ ಗೊಬ್ಬರ.

ಹಾಗಾದರೆ ಕಗ್ಗ ಯಾಕೆ ಇಷ್ಟು ಕಡಿಮೆಯಾಯ್ತು? ಮೊದಲು ಮಣ್ಣಿನ ಕಟ್ಟೆಯನ್ನು ಊರವರೇ ಸೇರಿ ರಿಪೇರಿ ಮಾಡುತ್ತಿದ್ದರು. ಸರಕಾರದ ಪಕ್ಕಾ ಕಟ್ಟೆ ಬಂದ ಮೇಲೆ ಆ ಒಟ್ಟು ಕೆಲಸ ತಪ್ಪಿತು. 1980-90ರ ದಶಕಗಳಲ್ಲಿ ಸಿಗಡಿಗೆ ಒಳ್ಳೇ ರೇಟು. ಗಜನಿ ಗುತ್ತಿಗೆಗೆ ಕೊಟ್ಟರೆ ಮೈ ಬಗ್ಗಿಸದೆ ದುಡ್ಡು. ಬೇಡ ಅಂತ ಯಾರು ಹೇಳ್ತಾರೆ? 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಸಿಗಡಿ ಕೆರೆಗಳೇ ಖಾಲಿಯಾದವು. ಅಷ್ಟರಲ್ಲಿ ಎಷ್ಟೋ ಕಡೆ ಬಿತ್ತನೆ ನಿಂತಾಗಿತ್ತು.

ತೊಡಕು ಇರುವುದು ಬಾಗಿಲಲ್ಲಿ. ಗಜನಿಯಲ್ಲಿ ಹತ್ತಾರು ಜನರ ತುಂಡು ಜಾಗವಿದ್ದರೂ ನೀರಿಗೆ ಗಡಿಯಿಲ್ಲ. ಗುತ್ತಿಗೆದಾರ ಮಳೆ ಹಿಡಿದ ಮೇಲೂ ಉಪ್ಪು ನೀರು ನಿಲ್ಲಿಸಿಕೊಂಡರೆ ಒಬ್ಬ ರೈತ ಒಬ್ಬನೇ ಬಿತ್ತುವ ಹಾಗೇ ಇಲ್ಲ. ಮಾಣಿಕಟ್ಟಾದಲ್ಲಿ ಕಗ್ಗ ಉಳಿದದ್ದು ಅಲ್ಲಿನವರು ಒಟ್ಟಾಗಿ ಬಿತ್ತಿದ್ದರಿಂದ.

2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಬಾಗಿಲು ಮುಚ್ಚುವವರು ಊರವರೇ ತಾನೆ? ನನ್ನ ಪ್ರಕಾರ, ಮೀನಿಗೆ ಗುತ್ತಿಗೆ ಕೊಡುವಾಗಲೇ ಯಾವ ದಿನ ಗಜನಿ ಖಾಲಿ ಮಾಡಬೇಕೆಂದು ಕರಾರಿನಲ್ಲಿ ಬರೆಸಬೇಕು. ಬೀಜವನ್ನೂ ನಾಲ್ಕಾರು ಮನೆಗಳಲ್ಲಿ ಹಂಚಿ ಇಡಬೇಕು. ಎರಡು ವರ್ಷ ಬಿತ್ತದೆ ಬಿಟ್ಟರೆ ಪತ್ತಾಯದ ಬೀಜ ಮೊಳಕೆಗೆ ಬಾರದು, ಅಂಗಡಿಯಲ್ಲಿ ಕಗ್ಗ ಸಿಗುವುದಿಲ್ಲ.