ತರಬೇತಿ ಬಿಟ್ಟಿ, ಆ ದಿನದ ಕೂಲಿ ಯಾರು ಕೊಡ್ತಾರೆ?

ನಮ್ಮ ಊರು ಬಸ್ತಿಹಳ್ಳಿ. ಹಳೇಬೀಡಿಗೆ ಅಂಟಿಕೊಂಡೇ ಇದೆ. ಪಾರ್ಶ್ವನಾಥ ಬಸದಿ ನೋಡೋಕೆ ಬರುವವರು ನಮ್ಮ ಹೊಲಗಳ ಪಕ್ಕದಲ್ಲೇ ಹಾದು ಹೋಗುತ್ತಾರೆ. ನನಗಿರುವುದು ಎರಡು ಎಕರೆ. ಮುಂಗಾರಿನಲ್ಲಿ ಅರ್ಧ ಎಕರೆ ಆಲೂಗಡ್ಡೆ, ಉಳಿದದ್ದು ಮುಸುಕಿನ ಜೋಳ, ರಾಗಿ. ಎರಡು ಹಸು. ಇದರ ಜೊತೆಗೆ ಹದಿನಾರು ಹೆಂಗಸರ ನಮ್ಮ ಸಂಘದ ಲೆಕ್ಕ ಬರೆಯುವ ಕೆಲಸವೂ ನನ್ನದೇ.

ಸಂಘದ ಕೋಣೆಯಲ್ಲಿ ಹಳೇ ಸೀರೆ ಹೊದೆಸಿಟ್ಟ ಒಂದು ಕಂಪ್ಯೂಟರ್ ಇದೆ. ಹೊಸಬರು ಬಂದರೆ "ಅದೇನಕ್ಕ?" ಅಂತ ಕೇಳುತ್ತಾರೆ. ಹೇಳಲು ನಮಗೆ ನಾಚಿಕೆ.

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ಅದನ್ನು ಉಚಿತವಾಗಿ ಕೊಟ್ಟರು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಒಳಗೆ ತಂದೆವು. ಪಟ್ಟಣದಲ್ಲಿ ಮೂರು ದಿನ ತರಬೇತಿ, ಅದೂ ಬಿಟ್ಟಿ. ಆದರೆ ಅದು ಆಲೂಗಡ್ಡೆ ಬಿತ್ತನೆಯ ವಾರ. ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಸದಸ್ಯೆಯೊಬ್ಬರ ಮಗನನ್ನು ಕಳಿಸಿದೆವು. ಹುಡುಗ ಚುರುಕು, ಚೆನ್ನಾಗಿ ಕಲಿತ. ಆರು ತಿಂಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಜೊತೆ ವಿದ್ಯೆಯೂ ಹೋಯಿತು. ಬ್ಯಾಟರಿ ಸತ್ತಿತು. ಸೀರೆ ಹೊದೆಸಿದೆವು.

ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ. ಮಿಷನ್ ಬಂತೆಂದು ಖುಷಿಪಟ್ಟೆವೇ ಹೊರತು, ಕಲಿಯುವವರು ಯಾರು, ಕಲಿತವರು ಊರಲ್ಲಿ ಉಳಿಯುತ್ತಾರಾ ಅಂತ ನಾವೂ ಯೋಚಿಸಲಿಲ್ಲ.

ಒಂದು ಪ್ರಶ್ನೆ

ಹೋದ ವರ್ಷ ಮತ್ತೊಂದು ಕಡೆಯಿಂದ ಕರೆ ಬಂತು. ಹಾಸನದಲ್ಲಿ ಐದು ದಿನ. ಮೊಬೈಲಿನಲ್ಲಿ ಸಂಘದ ಲೆಕ್ಕ ಇಡುವುದು, ಕಾಳಿನ ತೇವಾಂಶ ಅಳೆಯುವ ಮೀಟರ್ ಬಳಸುವುದು ಇವೆರಡನ್ನು ಕಲಿಸುತ್ತಾರಂತೆ. ಊಟ ಅವರದೇ. ಸಭೆಯಲ್ಲಿ ಪತ್ರ ಓದಿದೆ. ಎಲ್ಲರೂ ಸುಮ್ಮನೆ ಕೂತರು. ಕೂಲಿಗೆ ಹೋಗುವ ಅಕ್ಕನೊಬ್ಬರು ಹಿಂದಿನಿಂದ ಕೇಳಿದರು:

"ತರಬೇತಿ ಬಿಟ್ಟಿ ಸರಿ ಕಣಮ್ಮ. ಐದು ದಿನದ ಕೂಲಿ ಯಾರು ಕೊಡ್ತಾರೆ? ಹಸು ಹಾಲು ಯಾರು ಕರೀತಾರೆ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಇದು. ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯದ ಮನೆಯವರು ತರಬೇತಿಗೆ ಹೋಗುವುದಿಲ್ಲ. ಕೈಯಲ್ಲಿ ಸ್ವಲ್ಪ ಇದ್ದವರು, ಇಲ್ಲವೇ ಕೆಲಸವಿಲ್ಲದ ಹುಡುಗರು ಹೋಗುತ್ತಾರೆ. ಅಗತ್ಯ ಇರುವವರು ಹೊಲದಲ್ಲೇ ಉಳಿಯುತ್ತಾರೆ. ಕಾಲೇಜು ಹುಡುಗರಿಗೆ ವಿದ್ಯಾರ್ಥಿವೇತನ ಉಂಟು. ಕಲಿಯಲು ಹೊರಟ ಕೂಲಿ ಹೆಂಗಸಿಗೂ ಅಂಥದ್ದು ಬೇಡವೇ?

ಬೇರೆ ಕಡೆ ಏನು ಮಾಡಿದರು?

ನಮಗಿಂತ ಮುಂಚೆ ಈ ದಾರಿ ನಡೆದವರ ವಿಷಯ ಹುಡುಕಿದೆ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯದು ಮುಖ್ಯವಾದದ್ದು. ಅಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2001ರಲ್ಲಿ 'ನಮ್ಮ ಧ್ವನಿ' ಎಂಬ ಧ್ವನಿಮುದ್ರಣ ಕೇಂದ್ರ ಶುರುಮಾಡಿದವು. ಮೈಕು ಹಿಡಿದು ಕಾರ್ಯಕ್ರಮ ಮಾಡಲು ಕಲಿತವರು ಹೊರಗಿನ ಪರಿಣತರಲ್ಲ, ಊರಿನವರೇ, ಸ್ವಸಹಾಯ ಸಂಘದ ಹೆಂಗಸರೇ.

ಆಗ ಇಂಥ ಸಂಘಗಳಿಗೆ ರೇಡಿಯೋ ಲೈಸೆನ್ಸ್ ಕೊಡುತ್ತಿರಲಿಲ್ಲ. ಅವರು ಕಾಯುತ್ತ ಕೂರಲಿಲ್ಲ. ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು, ಧ್ವನಿವರ್ಧಕದಲ್ಲಿ ಹಾಕಿದರು. 2003ರ ಹೊತ್ತಿಗೆ ಟೀವಿ ಕೇಬಲ್ ತಂತಿಯಲ್ಲೇ ಮನೆಮನೆಗೆ ಕಳಿಸಿದರು. ಸರಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಕೇಂದ್ರ ಸರಕಾರ ಅವಕಾಶ ಕೊಟ್ಟದ್ದು 2006ರ ನವೆಂಬರಿನಲ್ಲಿ. ಅಷ್ಟರಲ್ಲಿ ಬೂದಿಕೋಟೆಯವರು ಐದು ವರ್ಷದ ಪಾಠ ಕಲಿತಾಗಿತ್ತು. ಯಂತ್ರ ಅವರ ಊರಲ್ಲೇ ಇತ್ತು, ಕಲಿಕೆಯೂ ಅಲ್ಲೇ ನಡೆಯಿತು. ಸಂಜೆ ಮನೆಗೆ ಬಂದು ಹಾಲು ಕರೆಯಬಹುದಿತ್ತು.

ಇನ್ನೊಂದು ಮೈಸೂರು ಜಿಲ್ಲೆಯದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2005ರಲ್ಲಿ ಮಹಿಳಾ ಸಮಖ್ಯಾ ಸಂಘಗಳ ಜೊತೆ 'ಮಾಹಿತಿ ಮಂಥನ' ಯೋಜನೆ ತಂದಿತು. 'ಕೇಳು ಸಖಿ' ಎಂಬ ರೇಡಿಯೋ ಕಾರ್ಯಕ್ರಮ, ಸಂಘದವರಿಗಾಗಿ ವಿಡಿಯೋ, ಹಳ್ಳಿಗಳಲ್ಲಿ 'ನಮ್ಮ ಮಾಹಿತಿ ಕೇಂದ್ರ'. ಕೇಂದ್ರ ನೋಡಿಕೊಳ್ಳಲು ಊರಿನದೇ ಹೆಣ್ಣುಮಗಳು, ಅವಳನ್ನು 'ಸಖಿ' ಅನ್ನುತ್ತಿದ್ದರು. ಕಂಪ್ಯೂಟರ್ ಅಲ್ಲೂ ಇತ್ತು. ಆದರೆ ಅದು ಸಂಘದ ಕೆಲಸಕ್ಕೆ ಜೋಡಿಸಿದ ಕಂಪ್ಯೂಟರ್. ನಮ್ಮದು ಪೂಜೆಗೆ ಇಟ್ಟದ್ದು.

ಒಂದು ಎಚ್ಚರಿಕೆ ಮಾತೂ ಇದೆ. ಕರ್ನಾಟಕದಲ್ಲಿ 1989ರಲ್ಲಿ ಶುರುವಾದ ಮಹಿಳಾ ಸಮಖ್ಯಾಕ್ಕೆ 2016ರಲ್ಲಿ ಕೇಂದ್ರದ ಹಣ ನಿಂತಿತು. ಹೊರಗಿನ ಹಣ ಎಂದಾದರೂ ಒಂದು ದಿನ ನಿಲ್ಲುತ್ತದೆ.

ಮೂರನೆಯದು ನಮ್ಮಿಂದ ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆ. 1982ರಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಅಲ್ಲಿ ರುಡ್‌ಸೆಟ್ ಕಟ್ಟಿದವು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಅದನ್ನೇ ನೋಡಿ ಆಮೇಲೆ ದೇಶದಲ್ಲಿ ಜಿಲ್ಲೆಗೊಂದರಂತೆ ಆರ್‌ಸೆಟಿಗಳಾದವು. ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು ಒಂದು: ಕಲಿಸಿ ಕಳಿಸಿದ ಮೇಲೂ ಎರಡು ವರ್ಷ ಬೆನ್ನು ಹಿಡಿಯುತ್ತಾರೆ. ಮಿಷನ್ ಕೆಟ್ಟಾಗ, ಸಾಲ ಸಿಗದಾಗ ಕೇಳಲು ಒಬ್ಬರಿರುತ್ತಾರೆ.

ನಮ್ಮದೇ ವಿದ್ಯಾರ್ಥಿವೇತನ

ಇದನ್ನೆಲ್ಲ ಮುಂದಿನ ಸಭೆಯಲ್ಲಿ ಹೇಳಿದೆ. ಸಂಘದ ಸಾಲದ ಬಡ್ಡಿಯಿಂದ ಬಂದ ಹಣ ಸ್ವಲ್ಪ ಉಳಿದಿತ್ತು. ಇಬ್ಬರನ್ನು ಕಳಿಸೋಣ, ದಿನಕ್ಕೆ ತಲಾ 350 ರೂಪಾಯಿ ಕೂಲಿ ನಾವೇ ಕೊಡೋಣ ಅಂದೆ. ಐದು ದಿನಕ್ಕೆ ಒಟ್ಟು 3,500.

ಗಲಾಟೆ ಆಯಿತು. "ಬಡ್ಡಿ ದುಡ್ಡು ಎಲ್ಲಾರ್ದು. ಇಬ್ರು ಕಲಿಯಾಕೆ ನಾವ್ಯಾಕೆ ಕೊಡಬೇಕು?" ಅಂತ ಹಿರಿಯರೊಬ್ಬರು ಎದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಎರಡು ಸಭೆ ಇದೇ ಚರ್ಚೆ. ಕೊನೆಗೆ ಷರತ್ತು ಹಾಕಿ ಒಪ್ಪಿದರು: ಹೋಗುವವರು ಕೂಲಿ ಮಾಡುವವರೇ ಆಗಿರಬೇಕು, ಬಂದ ತಿಂಗಳೊಳಗೆ ಒಬ್ಬೊಬ್ಬರು ಇಬ್ಬರಿಗೆ ಕಲಿಸಬೇಕು, ಅರ್ಧ ಹಣ ಹೋಗುವಾಗ, ಇನ್ನರ್ಧ ಕಲಿಸಿದ ಮೇಲೆ.

ತರಬೇತಿ ಜೂನ್‌ನಲ್ಲಿತ್ತು. ಬಿತ್ತನೆ ಕಾಲ ಬೇಡ, ಗಣೇಶನ ಹಬ್ಬ ಆದ ಮೇಲೆ ಇಡಿ ಅಂತ ಪತ್ರ ಬರೆದೆವು. ಒಪ್ಪುತ್ತಾರೆಂದು ನಂಬಿಕೆ ಇರಲಿಲ್ಲ. ಒಪ್ಪಿದರು! ಕೇಳದೆ ಇದ್ದದ್ದು ನಮ್ಮ ತಪ್ಪು. 2023ರ ಜೂನ್‌ನಿಂದ ಹೆಂಗಸರಿಗೆ ಸಾರಿಗೆ ಬಸ್ಸಿನ ಟಿಕೇಟು ಉಚಿತ, ಹಾಗಾಗಿ ದಿನಾ ಹೋಗಿ ಬರುವ ಚಾರ್ಜೂ ಉಳಿಯಿತು. ಹಸು ನೋಡಿಕೊಳ್ಳಲು ಅಕ್ಕಪಕ್ಕದವರು ಸರದಿ ಹಾಕಿಕೊಂಡರು.

ಕಲಿತದ್ದು ಎಲ್ಲಿ ಉಪಯೋಗ?

ಜೋಳ ಮಾರುವಾಗ. ವ್ಯಾಪಾರಿ ಕೈಯಲ್ಲಿ ಕಾಳು ಹಿಡಿದು "ಹಸಿ ಐತೆ" ಅಂದರೆ ಅಲ್ಲಿಗೆ ಮುಗಿಯಿತು, ಕ್ವಿಂಟಾಲಿಗೆ ಏಳೆಂಟು ಕೆ.ಜಿ. ಕಡಿತ. ಬೆಂಬಲ ಬೆಲೆ ಖರೀದಿಯಲ್ಲಿ ಮುಸುಕಿನ ಜೋಳಕ್ಕೆ ತೇವಾಂಶದ ಮಿತಿ ಶೇ. 14. ಲೆಕ್ಕ ಕಷ್ಟವಿಲ್ಲ. ಶೇ. 18 ತೇವಾಂಶದ ಒಂದು ಕ್ವಿಂಟಾಲ್ ಜೋಳದಲ್ಲಿ ಒಣ ಪದಾರ್ಥ 82 ಕೆ.ಜಿ. ಅದನ್ನು ಶೇ. 14ಕ್ಕೆ ಒಣಗಿಸಿದರೆ ತೂಕ ಸುಮಾರು 95 ಕೆ.ಜಿ. ಅಂದರೆ ನ್ಯಾಯವಾದ ಕಡಿತ ಐದು ಕೆ.ಜಿ. ಒಳಗೆ. ಶೇ. 16 ಇದ್ದರೆ ಎರಡೂವರೆ ಕೆ.ಜಿ. ಒಳಗೆ.

ಮೀಟರ್ ಬಳಸುವ ಕ್ರಮವನ್ನು ಅವರಿಬ್ಬರು ನಮಗೆ ಹೇಳಿಕೊಟ್ಟರು. ಬಿಸಿಲಿನಿಂದ ತೆಗೆದ ಬಿಸಿ ಕಾಳು ಅಳೆಯಬಾರದು, ಆರಲು ಬಿಡಬೇಕು. ಒಂದೇ ಚೀಲದಿಂದ ತೆಗೆಯದೆ ನಾಲ್ಕಾರು ಚೀಲದ ಮೇಲಿಂದ, ನಡುವಿನಿಂದ ತೆಗೆದು ಬೆರೆಸಬೇಕು. ಮೂರು ಸಲ ಅಳೆದು ಸರಾಸರಿ ಹಿಡಿಯಬೇಕು. ಮೀಟರಿನಲ್ಲಿ ಮುಸುಕಿನ ಜೋಳವನ್ನೇ ಆರಿಸಿದ್ದೇವಾ ಅಂತ ನೋಡಬೇಕು.

ಒಬ್ಬ ವ್ಯಾಪಾರಿ ನಮ್ಮ ಮೀಟರ್ ನೋಡಿ ನಕ್ಕು ಹೊರಟೇಹೋದರು. ಇನ್ನೊಬ್ಬರು ತಮ್ಮ ಮೀಟರಿನಲ್ಲೂ ಅಳೆದರು. ಎರಡೂ ಹತ್ತಿರ ಬಂದವು. ನನ್ನ ಜೋಳಕ್ಕೆ ಎಂಟರ ಬದಲು ನಾಲ್ಕು ಕೆ.ಜಿ. ಕಡಿತ ಹಾಕಿದರು. ಸಾಲಕ್ಕೆ ಸಿಕ್ಕಿಬಿದ್ದು ವ್ಯಾಪಾರಿ ಹೇಳಿದಂತೆಯೇ ಮಾರಿದವರು ಸಂಘದಲ್ಲಿ ಐದು ಜನ ಇದ್ದಾರೆ. ಮೀಟರ್ ಸಾಲ ತೀರಿಸುವುದಿಲ್ಲ.

ಕಲಿತ ಇಬ್ಬರಲ್ಲಿ ಒಬ್ಬಳು ಗಂಡನ ಜೊತೆ ಕಾಫಿ ತೋಟದ ಕೆಲಸಕ್ಕೆ ಮಲೆನಾಡ ಕಡೆ ಹೋದಳು. ಆದರೆ ಹೋಗುವ ಮೊದಲು ಇಬ್ಬರಿಗೆ ಕಲಿಸಿದ್ದಳು. ಈ ಸಲ ಮೀಟರಿಗೆ ಸೀರೆ ಹೊದೆಸಬೇಕಾಗಲಿಲ್ಲ.

ಒಪ್ಪುವ ಮುಂಚೆ ಕೇಳಿ

ಈಗ ನಮ್ಮಲ್ಲಿ ಡ್ರೋನಿನ ಮಾತು. ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟರು. ಬೆಲೆಯಲ್ಲಿ ಶೇ. 80ರಷ್ಟು, ಗರಿಷ್ಠ ಎಂಟು ಲಕ್ಷ ಸಹಾಯಧನ, ಜೊತೆಗೆ 15 ದಿನ ತರಬೇತಿ. ಆಲೂಗಡ್ಡೆ ಅಂಗಮಾರಿಗೆ ಬೆನ್ನಿಗೆ ಕ್ಯಾನು ಹೊತ್ತು ಔಷಧಿ ಹೊಡೆದವರಿಗೆ ಆಸೆ ಆಗದೆ ಇರುತ್ತದೆಯೇ? ಆದರೂ ಯಾವ ಯಂತ್ರ ಬಂದರೂ ಮೊದಲು ಇಷ್ಟು ಕೇಳುವುದೆಂದು ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ:

1. ತರಬೇತಿ ಯಾವ ತಿಂಗಳು? ನಮ್ಮ ಬಿತ್ತನೆ, ಕೊಯ್ಲಿಗೆ ಅಡ್ಡ ಬರುತ್ತದೆಯೇ?
2. ಕಳೆದುಹೋಗುವ ಕೂಲಿ ಅವರು ಕೊಡುತ್ತಾರೋ, ನಾವು ಕೊಡಬೇಕೋ?
3. ಪಾಠ, ಪುಸ್ತಕ ಕನ್ನಡದಲ್ಲಿ ಇದೆಯೇ?
4. ಕೆಟ್ಟರೆ ರಿಪೇರಿ ಎಲ್ಲಿ? ಬ್ಯಾಟರಿಗೆ ಎಷ್ಟು?
5. ಕಡಿಮೆ ಎಂದರೆ ಇಬ್ಬರನ್ನು ಕಲಿಸುತ್ತಾರೆಯೇ?
6. ಆರು ತಿಂಗಳ ಮೇಲೆ ಕೇಳಲು ಯಾರಿದ್ದಾರೆ?

ಮೊದಲ ಸಭೆಯಲ್ಲಿ ಜಗಳಕ್ಕೆ ನಿಂತ ಹಿರಿಯರು ಮೊನ್ನೆ ಸಂಘದ ಕೋಣೆಗೆ ಬಂದರು. "ಮುಂದಿನ್ ಸಲಕ್ಕೆ ನನ್ನ ಸೊಸೆ ಹೆಸರು ಬರ್ಕೊ. ಕೂಲಿ ಮಾತ್ರ ಸರಿಯಾಗಿ ಕೊಡ್ಬೇಕು" ಅಂದರು. ಬರೆದುಕೊಂಡಿದ್ದೇನೆ.