ಮುಧೋಳದ ಹೆಣ್ಣುನಾಯಿ ಸೊರಗಿದಾಗ

ಮುಧೋಳ ನಾಯಿಯನ್ನು ಮೊದಲ ಸಲ ಕಂಡವರಿಗೆ, ಪಾಪ, ಇದಕ್ಕೆ ಯಾರೂ ಹೊಟ್ಟೆಗೆ ಹಾಕುತ್ತಿಲ್ಲವೇನೋ ಅನ್ನಿಸುವುದುಂಟು. ಆಳವಾದ ಎದೆ, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ, ತೆಳು ತೊಗಲಿನಡಿ ಕಾಣುವ ಕೊನೆಯ ಎರಡು ಮೂರು ಪಕ್ಕೆಲುಬು. ಬಯಲಲ್ಲಿ ಮೊಲವನ್ನು ಕಣ್ಣಿಂದಲೇ ಗುರುತಿಸಿ ಬೆನ್ನಟ್ಟುತ್ತಿದ್ದ ನಾಯಿಯ ಮೈಕಟ್ಟು ಅದು. ಮುಧೋಳದ ಘೋರ್ಪಡೆ ಅರಸರು ಪೊರೆದ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ವನ್ಯಜೀವಿ ರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲದ ಬೇಟೆ ಅಪರಾಧ. ಬೇಟೆ ನಿಂತರೂ ನಾಯಿಯ ಮೈ ಇನ್ನೂ ಬೇಟೆಯ ಮೈಯಾಗಿಯೇ ಉಳಿದಿದೆ.

ಈ ಸಹಜವಾದ ತೆಳುವೇ ಒಮ್ಮೊಮ್ಮೆ ನಾಯಿಗೆ ಮುಳುವಾಗುತ್ತದೆ. ಒಂದು ವರ್ಷ ದಾಟಿದ ಹೆಣ್ಣುನಾಯಿಯೊಂದು ದಿನೇದಿನೇ ಸೊರಗುತ್ತಿದ್ದರೂ ‘ಈ ತಳಿಯೇ ಹಾಗೆ ಬಿಡ್ರಿ’ ಎಂಬ ಮಾತಿನಲ್ಲಿ ಅದರ ಕಾಯಿಲೆ ಮುಚ್ಚಿಹೋಗುತ್ತದೆ. ಪಟ್ಟಣದಲ್ಲಿ ಇದಕ್ಕೆ ತದ್ವಿರುದ್ಧ. ಆರೋಗ್ಯವಾಗಿರುವ ನಾಯಿಯನ್ನೇ ಬಡಕಲೆಂದು ತಿಳಿದು ಅನ್ನ, ತುಪ್ಪ ಸುರಿದು ದಪ್ಪ ಮಾಡುತ್ತಾರೆ. ತೆಳ್ಳಗಿರುವುದು ಬೇರೆ, ಸೊರಗಿರುವುದು ಬೇರೆ. ಈ ವ್ಯತ್ಯಾಸವನ್ನು ತಕ್ಕಡಿಗಿಂತ ಕೈ ಚೆನ್ನಾಗಿ ಹೇಳುತ್ತದೆ.

ಪಶುವೈದ್ಯರು ನಾಯಿಯ ಮೈಯನ್ನು 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. 1 ಎಂದರೆ ಬರೀ ಎಲುಬಿನ ಗೂಡು, 9 ಎಂದರೆ ಅತಿ ಬೊಜ್ಜು. ಬಹುತೇಕ ತಳಿಗಳಿಗೆ 4 ಅಥವಾ 5 ಸರಿಯಾದ ಅಂಕ. ಆದರೆ ಆ ಮಾಪಕ ನೋಡುವುದು ಕೊಬ್ಬನ್ನು. ಓಟದ ನಾಯಿಗಳಲ್ಲಿ ಕೊಬ್ಬು ಹುಟ್ಟಿನಿಂದಲೇ ಕಡಿಮೆ, ಸ್ನಾಯು ಹೆಚ್ಚು. ಹಾಗಾಗಿ ಪಕ್ಕೆಲುಬು ಎಣಿಸುವುದಕ್ಕಿಂತ ಬೆನ್ನ ಮೇಲೆ ಕೈಯಾಡಿಸುವುದು ಮೇಲು. ಬೆನ್ನೆಲುಬಿನ ಎರಡೂ ಬದಿ ಗಟ್ಟಿಯಾದ ಮಾಂಸಖಂಡ ಕೈಗೆ ಸಿಕ್ಕಿ, ತೊಡೆ ತುಂಬಿದ್ದರೆ ಪಕ್ಕೆಲುಬು ಕಂಡರೂ ಚಿಂತೆಯಿಲ್ಲ. ಬೆನ್ನೆಲುಬು ಏಣಾಗಿ ಎದ್ದು, ಹಣೆಯ ಎರಡೂ ಪಕ್ಕ ಕುಳಿಬಿದ್ದು, ಸೊಂಟದ ಎಲುಬು ಚೂಪಾಗಿ ತಾಕಿದರೆ ನಾಯಿ ತನ್ನ ಸ್ನಾಯುವನ್ನೇ ಕರಗಿಸಿಕೊಂಡು ಬದುಕುತ್ತಿದೆ ಎಂದು ಅರ್ಥ.

ಆಗ ತಟ್ಟೆಗೆ ಇನ್ನಷ್ಟು ಹಾಕುವ ಮೊದಲು ತಿಂದದ್ದು ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ನಮ್ಮ ಕಡೆ ಎಳೆಯ ನಾಯಿ ಸೊರಗುವುದಕ್ಕೆ ಹಸಿವಿನಷ್ಟೇ ದೊಡ್ಡ ಕಾರಣ ಜಂತುಹುಳು. ಅದರಲ್ಲೂ ಕೊಕ್ಕೆಹುಳು ಕ್ರೂರಿ. ಕರುಳಿನ ಗೋಡೆಗೆ ಕಚ್ಚಿಕೊಂಡ ಒಂದು ಹುಳು ದಿನಕ್ಕೆ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದಷ್ಟು ರಕ್ತ ಹೀರಬಲ್ಲದು. ಅಂಥವು ನೂರಿದ್ದರೆ ನಷ್ಟವೆಷ್ಟು ಎಂದು ಊಹಿಸಿ. ಇನ್ನೊಂದು ಕಾರಣ ಉಣ್ಣಿ. ಕಂದು ಉಣ್ಣಿ ಹರಡುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ತಿಂಗಳುಗಟ್ಟಲೆ ಸದ್ದಿಲ್ಲದೆ ಮೈಯಲ್ಲಿದ್ದು ತೂಕ ಇಳಿಸುತ್ತದೆ. ಕೆಲವು ನಾಯಿಗಳಲ್ಲಿ ಮೂಗಿನಿಂದ ರಕ್ತ ಬರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಮಲ ಪರೀಕ್ಷೆ, ರಕ್ತ ಪರೀಕ್ಷೆ ಎರಡನ್ನೂ ಮಾಡಿಸದೆ ಆಹಾರದ ಲೆಕ್ಕ ಹಾಕುವುದು ವ್ಯರ್ಥ.

ರಕ್ತ ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಗ್ರೇಹೌಂಡ್‌ನಂಥ ಓಟದ ತಳಿಗಳ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಹೆಚ್ಚು. ಬೇರೆ ತಳಿಯಲ್ಲಿ ಅದು ಶೇ. 40 ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಗ್ರೇಹೌಂಡ್‌ನಲ್ಲಿ ಶೇ. 50 ದಾಟಿರುವುದೇ ಸಾಮಾನ್ಯವಾದ್ದರಿಂದ 40 ಬಂತೆಂದರೆ ರಕ್ತ ಕಡಿಮೆಯಾಗಿದೆ ಎಂದೇ ಅನುಮಾನಿಸಬೇಕು. ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೂ ವಸಡು ಬಿಳಚಿಕೊಂಡಿದ್ದರೆ, ನಾಯಿ ನಾಲ್ಕು ಹೆಜ್ಜೆ ಓಡಿ ಕೂತುಬಿಡುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಇನ್ನು ಊಟ. 20 ಕಿಲೋ ಇರಬೇಕಾದ ಹೆಣ್ಣುನಾಯಿ 16 ಕಿಲೋ ಇದೆ ಎಂದುಕೊಳ್ಳೋಣ. ಸುಮ್ಮನೆ ಮಲಗಿದ್ದರೂ ಉಸಿರಾಟ, ರಕ್ತದ ಓಡಾಟ, ಮೈಯ ಬಿಸಿ ಇವಕ್ಕೆ ತಗಲುವ ಶಕ್ತಿಗೆ ಪಶುವೈದ್ಯರ ಬಳಿ ಒಂದು ಸೂತ್ರವಿದೆ. ಅದರ ಪ್ರಕಾರ 16 ಕಿಲೋ ನಾಯಿಗೆ ದಿನಕ್ಕೆ 560 ಕ್ಯಾಲರಿ ಬೇಕು. 20 ಕಿಲೋ ನಾಯಿಗೆ 660. ಓಡಾಡುವ ಎಳೆಯ ನಾಯಿಗೆ ಇದರ ಸುಮಾರು ಎರಡು ಪಟ್ಟು ಎಂದರೆ ಗುರಿ 1200 ಕ್ಯಾಲರಿಯ ಆಸುಪಾಸು. ಮೊದಲ ದಿನವೇ ಅಷ್ಟನ್ನೂ ಇಡುವಂತಿಲ್ಲ. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಹೆಚ್ಚು ಊಟ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಇತ್ಯಾದಿ ಜೀವಕೋಶಗಳ ಒಳಕ್ಕೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯವೇ ತಪ್ಪಿ ಬಡಿಯಬಹುದು. ಎರಡನೆಯ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದರು. ನಾಯಿಗೂ ಅದೇ ನಿಯಮ. ತೀರ ಬಡಕಲಾಗಿದ್ದರೆ ವೈದ್ಯರ ಕಣ್ಣೆದುರೇ, 560ಕ್ಕೂ ಕಡಿಮೆಯಿಂದ ಊಟ ಶುರುವಾಗಬೇಕು. ಅಷ್ಟು ಬಡವಾಗಿಲ್ಲದ ನಾಯಿಗೆ 560ರಿಂದ ಆರಂಭಿಸಿ ಒಂದು ವಾರ, ಹತ್ತು ದಿನಗಳಲ್ಲಿ ಮೆಲ್ಲಗೆ ಏರಿಸಬಹುದು. ದಿನಕ್ಕೆ ಮೂರು ನಾಲ್ಕು ಸಣ್ಣ ಊಟ ಇರಲಿ.

ಉತ್ತರ ಕರ್ನಾಟಕದಲ್ಲಿ ನಾಯಿಯ ಊಟವೆಂದರೆ ಜೋಳದ ರೊಟ್ಟಿ, ಹಾಲು, ಗೋವಿನಜೋಳದ ನುಚ್ಚು. ಅದನ್ನು ಹೀಗಳೆಯಬೇಕಿಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ಬಂದಿದೆ. ಆ ಕೆಲಸದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ ಎಂದು 2013ರ ಅಧ್ಯಯನವೊಂದು ತೋರಿಸಿತು. ರೊಟ್ಟಿಯ ಕೊರತೆ ಬೇರೆ ಕಡೆಯಿದೆ. ಬರೀ ರೊಟ್ಟಿಯಿಂದ 1200 ಕ್ಯಾಲರಿ ತುಂಬಿಸಲು ಸುಮಾರು 350 ಗ್ರಾಂ ಹಿಟ್ಟು ಬೇಕು. ಅದರಲ್ಲಿ ಸಿಗುವ ಪ್ರೋಟೀನ್ 35 ಗ್ರಾಂ ಆಸುಪಾಸು. ಮೈ ಕಟ್ಟಿಕೊಳ್ಳುವ ನಾಯಿಗೆ 60 ಗ್ರಾಂ ಆದರೂ ಬೇಕು. ಸ್ನಾಯುವಿಗೆ ಅತ್ಯಗತ್ಯವಾದ ಲೈಸಿನ್ ಎಂಬ ಅಮೈನೊ ಆಮ್ಲವೂ ಜೋಳದಲ್ಲಿ ಕಡಿಮೆ. ಆದ್ದರಿಂದ ರೊಟ್ಟಿಯನ್ನು ಅರ್ಧಕ್ಕಿಳಿಸಿ, ಆ ಜಾಗಕ್ಕೆ ಬೇಯಿಸಿದ ಎರಡು ಮೊಟ್ಟೆ, ಮೂಳೆ ತೆಗೆದ ನೂರೈವತ್ತು ಗ್ರಾಂ ಕೋಳಿಮಾಂಸ, ಒಂದಿಷ್ಟು ಮೊಸರು ಸೇರಿಸಿದರೆ ಅದೇ ತಟ್ಟೆಯ ಗುಣ ಬದಲಾಗುತ್ತದೆ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರ ಕಡಿಮೆ. ಸುಣ್ಣ ಸಾಲದಿದ್ದರೆ ದೇಹ ಅದನ್ನು ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ನುಣ್ಣಗೆ ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಇದಕ್ಕೆ ಅಗ್ಗದ ಪರಿಹಾರ. ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ, ಏಕೆಂದರೆ ಬೆಳೆಯುವ ಎಲುಬಿಗೆ ಸುಣ್ಣ ಅತಿಯಾದರೂ ಕೇಡು. ಬೇಯಿಸಿದ ಮೂಳೆ ಚೂರಾಗಿ ಕರುಳು ಚುಚ್ಚುತ್ತದೆ. ಈರುಳ್ಳಿ ಹಾಕಿದ ಸಾರು ಕೆಂಪುಕಣಗಳನ್ನೇ ಒಡೆಯುತ್ತದೆ.

ತುಪ್ಪದ ವಿಷಯಕ್ಕೆ ಬರೋಣ. ಹಿಮದ ಮೇಲೆ ಜಾರುಬಂಡಿ ಎಳೆಯುವ ಅಲಾಸ್ಕಾದ ನಾಯಿಗಳು ಸ್ಪರ್ಧೆಯ ದಿನಗಳಲ್ಲಿ 10,000 ಕ್ಯಾಲರಿಯವರೆಗೂ ಉಣ್ಣುತ್ತವೆ, ಅದರ ಬಹುಪಾಲು ಕೊಬ್ಬು. ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡುವ ಸ್ನಾಯುವಿಗೆ ಕೊಬ್ಬೇ ಇಂಧನ. ಮುಧೋಳದ್ದು ಆ ಓಟವಲ್ಲ. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತ, ಒಂದೊಂದು ನೆಗೆತದಲ್ಲಿ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟು ಹಾರುವ ಆ ಓಟ ಹೆಚ್ಚೆಂದರೆ ಕೆಲವು ನಿಮಿಷ. ಅದಕ್ಕೆ ಬೇಕಾದ ಶಕ್ತಿ ಬಹುಪಾಲು ಸ್ನಾಯುವಿನಲ್ಲೇ ಕೂಡಿಟ್ಟ ಗ್ಲೈಕೊಜನ್ ಎಂಬ ಸಕ್ಕರೆಯಿಂದ ಬರುತ್ತದೆ. ರೊಟ್ಟಿಯ ಪಿಷ್ಟವೇ ಈ ಗ್ಲೈಕೊಜನ್ ಆಗುವುದು. ಒಂದೆರಡು ಚಮಚ ಎಣ್ಣೆಯಿಂದ ತೊಂದರೆಯಿಲ್ಲ, ಆದರೆ ತುಪ್ಪ ಸುರಿದರೆ ಭೇದಿ ಶುರುವಾಗಿ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ. ಗ್ರೇಹೌಂಡ್‌ಗಳ ಮೇಲಿನ ಪ್ರಯೋಗವೊಂದರಲ್ಲಿ, ಬೇಕಾದಷ್ಟು ತಿನ್ನಲು ಬಿಟ್ಟಾಗಿನದಕ್ಕಿಂತ ಸುಮಾರು ಶೇ. 15ರಷ್ಟು ಕಡಿಮೆ ಹಾಕಿದಾಗಲೇ ಅವು ವೇಗವಾಗಿ ಓಡಿದವು. ಹಾಗಾಗಿ ವಾರಕ್ಕೆ 200ರಿಂದ 300 ಗ್ರಾಂ ಏರಿಕೆ ಸಾಕು. ನಾಲ್ಕು ಕಿಲೋ ತುಂಬಲು ಸುಮಾರು ನಾಲ್ಕು ತಿಂಗಳು. ಇದಕ್ಕಿಂತ ಬೇಗ ಏರಿದ್ದು ಬಹುತೇಕ ಕೊಬ್ಬೇ.

ಏರುವ ತೂಕ ಸ್ನಾಯುವಾಗಬೇಕಾದರೆ ನಾಯಿ ದುಡಿಯಬೇಕು. ಇಲ್ಲಿ ಆತುರ ಪಟ್ಟವರೇ ಹೆಚ್ಚು ನಾಯಿಗಳನ್ನು ಕುಂಟಾಗಿಸುತ್ತಾರೆ. ಹೃದಯ, ಸ್ನಾಯು ಕೆಲವು ವಾರಗಳಲ್ಲಿ ಪಳಗುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ನಾಯಿ ಓಡಲು ಸಿದ್ಧವಾದಂತೆ ಕಂಡಾಗ ಅದರ ಕೀಲುಗಳು ಇನ್ನೂ ಸಿದ್ಧವಾಗಿರುವುದಿಲ್ಲ. ಎಲುಬಿನ ತುದಿಯಲ್ಲಿರುವ ಮೆದುವಾದ ಬೆಳವಣಿಗೆಯ ಪದರ ಗಟ್ಟಿಯಾಗುವುದೂ ವರ್ಷದ ಆಸುಪಾಸಿನಲ್ಲೇ. ಮೊದಲ ತಿಂಗಳು ಬೆಳಿಗ್ಗೆ ಸಂಜೆ ಅರ್ಧ ಗಂಟೆ ನಡಿಗೆಯಷ್ಟೇ ಸಾಕು. ಆಮೇಲೆ ಮೆಲ್ಲನೆಯ ಕುಕ್ಕುಲೋಟ. ಬೆನ್ನ ಮೇಲೆ ಮಾಂಸ ಕೈಗೆ ಸಿಗತೊಡಗಿದ ಮೇಲೆ ವಾರಕ್ಕೆ ಎರಡು ದಿನ, ಇನ್ನೂರು ಮೀಟರಿನ ಎರಡು ಮೂರು ಓಟ. ನಡುವಿನ ದಿನಗಳಲ್ಲಿ ವಿಶ್ರಾಂತಿ, ಏಕೆಂದರೆ ಸ್ನಾಯು ಬೆಳೆಯುವುದು ಆಗಲೇ. ಬೈಕಿಗೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುವುದು ಹಿಂಸೆಯೇ ಸರಿ. ಬೇಸಿಗೆಯ ಎರೆಹೊಲವನ್ನೂ ನಂಬಬಾರದು, ನಾಯಿಯ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಟ್ಟಿರುತ್ತದೆ. ಜೋರು ಓಟದ ಕೊನೆಗೆ ಗ್ರೇಹೌಂಡ್‌ನ ಮೈಬಿಸಿ 41 ಡಿಗ್ರಿ ದಾಟುವುದುಂಟು. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಆ ಬಿಸಿ ಇಳಿಯಲು ದಾರಿಯೇ ಇಲ್ಲ. ಓಟವೆಲ್ಲ ಹೊತ್ತು ಮೂಡುವ ಮುಂಚೆ, ಖಾಲಿ ಹೊಟ್ಟೆಯಲ್ಲಿ ಆಗಲಿ. ಎದೆ ಆಳವಾಗಿರುವ ತಳಿಗಳಲ್ಲಿ ಜಠರ ಊದಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವುದುಂಟು. ಏದುಸಿರು ನಿಂತು ಒಂದು ಗಂಟೆಯಾದ ಮೇಲೆ ಊಟ ಹಾಕಿ.

ಹೆಣ್ಣುನಾಯಿಯ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಮೈ ತುಂಬಿಕೊಳ್ಳುತ್ತಿದ್ದಂತೆ ಬೆದೆಗೆ ಬರುತ್ತದೆ, ಮರಿಗಳಿಗೆ ಬೆಲೆ ಇರುವುದರಿಂದ ಮಾಲೀಕರು ಮೊದಲ ಬೆದೆಯಲ್ಲೇ ಕೂಡಿಸಿಬಿಡುತ್ತಾರೆ. ಬಸಿರು ಒಂಬತ್ತು ವಾರದ್ದು. ನಿಜವಾದ ಭಾರ ಬೀಳುವುದು ಹೆತ್ತ ಮೇಲೆ. ಮರಿಗಳು ಹೆಚ್ಚಿದ್ದರೆ ಹಾಲೂಡುವ ತಾಯಿಗೆ ಮೊದಲಿನ ಮೂರು ಪಟ್ಟು ಊಟ ಬೇಕಾಗಬಹುದು. ಈಗಷ್ಟೇ ಚೇತರಿಸಿಕೊಂಡ ನಾಯಿ ಅಷ್ಟನ್ನು ತಿಂದು ಅರಗಿಸಲಾರದು, ನಾಲ್ಕು ತಿಂಗಳಲ್ಲಿ ಕಟ್ಟಿದ ಸ್ನಾಯು ನಾಲ್ಕು ವಾರದಲ್ಲಿ ಹಾಲಾಗಿ ಹರಿದುಹೋಗುತ್ತದೆ. ಇದಕ್ಕಿಂತ ಗಂಭೀರವಾದ್ದು, ತಾಯಿಯ ಮಾಂಸಖಂಡಗಳಲ್ಲಿ ಅಡಗಿ ನಿದ್ರಿಸುವ ಕೊಕ್ಕೆಹುಳುವಿನ ಮರಿಗಳು ಬಸಿರಿನ ಕೊನೆಗೆ ಎಚ್ಚೆತ್ತು ಮೊಲೆಹಾಲಿನ ಮೂಲಕ ಎಳೆಮರಿಗಳ ಹೊಟ್ಟೆ ಸೇರುತ್ತವೆ. ಮಾಮೂಲಿ ಜಂತುಮಾತ್ರೆಗಳು ಕರುಳಿನಲ್ಲಿರುವ ಹುಳುಗಳನ್ನಷ್ಟೇ ಕೊಲ್ಲುತ್ತವೆ, ಹಾಗೆ ಅಡಗಿದವು ಬದುಕಿ ಉಳಿಯುತ್ತವೆ. ಕನಿಷ್ಠ ಎರಡು ವರ್ಷ ತುಂಬಿ, ಬೆನ್ನು ತೊಡೆ ಗಟ್ಟಿಯಾಗಿ, ಎರಡು ಬೆದೆ ಕಳೆಯುವವರೆಗೂ ಹೆಣ್ಣುನಾಯಿಯನ್ನು ಗಂಡಿನಿಂದ ದೂರವಿಡಬೇಕು. ಕೂಡಿಸಿದ ಮೇಲೆ ಬಸಿರಿನ ಕೊನೆಯ ವಾರಗಳಿಗೆ ಯಾವ ಔಷಧಿ ಎಂದು ವೈದ್ಯರನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಮರಿಗಳಿಗೆ ಜಂತುಮದ್ದು ಎರಡನೆಯ ವಾರಕ್ಕೇ ಶುರುವಾಗಬೇಕು.