ಹಳೆಯ ಸ್ಪೋರ್ಟ್ಸ್ ಕಾರಿನ ಹಲ್ಲು ಎಣಿಸುವ ಬಗೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಗಮನಿಸಿರುತ್ತೀರಿ. ಹೋರಿ ಕೊಳ್ಳಲು ಬಂದ ರೈತ ಅದರ ಕೊಂಬಿನ ಬಣ್ಣವನ್ನಾಗಲೀ ಕೊರಳಿನ ಗೆಜ್ಜೆಯನ್ನಾಗಲೀ ನೋಡುತ್ತ ನಿಲ್ಲುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ಆಮೇಲಿನ ಮಾತು. ಅಂಥ ಮನೆಯ ಹುಡುಗನೇ ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಅಮೆರಿಕಕ್ಕೆ ಹೋಗಿ, ಅಲ್ಲಿ ಮೂವತ್ತು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದರ ಮುಂದೆ ನಿಂತನೆಂದರೆ ಈ ಜಾಣತನವೆಲ್ಲ ಗಾಳಿಗೆ ಹಾರಿಹೋಗುತ್ತದೆ. ಬಣ್ಣಕ್ಕೇ ಮರುಳಾಗುತ್ತಾನೆ. ಆ ರಾತ್ರಿಯೇ ಊರಿಗೆ ಫೋನು: ‘ಅಪ್ಪಾ, ಒಂದು ಮಿಯಾಟಾ ಸಿಕ್ಕಿದೆ. ತುಂಬಾ ಚೀಪು. ಸ್ವಲ್ಪ ದುಡ್ಡು ಕಳಿಸ್ತೀರಾ?’

ಅಪ್ಪನಿಗೆ ಮಿಯಾಟಾ ಎಂದರೇನೆಂದೇ ಗೊತ್ತಿಲ್ಲ. ಮಜ್ದಾ ಕಂಪನಿಯದು ಎಂದು ಮಗ ಬಿಡಿಸಿ ಹೇಳಿದಾಗ ಅವರ ಕಣ್ಣ ಮುಂದೆ ಬರುವುದು ಇಟ್ಟಿಗೆ ಹೇರಿಕೊಂಡು ಹೋಗುವ ಸ್ವರಾಜ್ ಮಜ್ದಾ ಲಾರಿ! ಕಂಪನಿಯೇನೋ ಅದೇ, ಜಪಾನಿನ ಹಿರೋಷಿಮಾದ್ದು. ಕಾರು ಮಾತ್ರ ಬೇರೆಯೇ ಜಾತಿಯದು. ಎರಡೇ ಸೀಟು, ಮಡಚಿಡಬಹುದಾದ ಚಾವಣಿ, ಒಂದು ಟನ್ನಿಗಿಂತ ತುಸು ಕಡಿಮೆ ತೂಕ. ಅಮೆರಿಕದಲ್ಲಿ ಮಿಯಾಟಾ ಎಂದೂ ಉಳಿದ ಹಲವೆಡೆ ಎಂಎಕ್ಸ್-5 ಎಂದೂ ಕರೆಯುತ್ತಾರೆ. ಹೀಗೊಂದು ಹಗುರವಾದ ಅಗ್ಗದ ಕಾರು ಮಾಡಿ ಎಂದು 1979ರಲ್ಲಿ ಮಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಸಲಹೆ ಕೊಟ್ಟವನು ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ. ಹತ್ತು ವರ್ಷದ ನಂತರ, 1989ರ ಫೆಬ್ರುವರಿಯಲ್ಲಿ, ಶಿಕಾಗೋ ವಾಹನ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಿತು. ಆಗಿನ ಬೆಲೆ 13,800 ಡಾಲರ್. ಸವಾರನೂ ಕುದುರೆಯೂ ಒಂದೇ ದೇಹವಾಗಿರಬೇಕು ಎಂಬ ಜಪಾನೀ ಮಾತೊಂದನ್ನು ಅದರ ಇಂಜಿನಿಯರುಗಳು ಮಂತ್ರದಂತೆ ಇಟ್ಟುಕೊಂಡಿದ್ದರಂತೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ.

ಇಷ್ಟೊಂದು ತಯಾರಾದದ್ದರಿಂದಲೇ ಹಳೆಯವು ಇಂದಿಗೂ ಸಿಗುತ್ತವೆ. ವಿದ್ಯಾರ್ಥಿಗಳ ಕಣ್ಣು ಬೀಳುವುದು ಹೆಚ್ಚಾಗಿ 1997ರವರೆಗೆ ಬಂದ ಮೊದಲನೆಯ ತಲೆಮಾರಿನ ಕಾರುಗಳ ಮೇಲೆ. ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುವ ಹೆಡ್‌ಲೈಟು ಇವುಗಳ ಗುರುತು. ಎರಡೂ ಕಣ್ಣು ಒಟ್ಟಿಗೆ ಏಳುತ್ತವೆಯೇ ಎಂದು ನೋಡಿಬಿಡಿ, ಅದಕ್ಕೇನೂ ಖರ್ಚಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಹೆದರುವುದು ಇಂಜಿನ್ನಿಗೆ. ಆದರೆ ಈ ಕಾರಿನ ಇಂಜಿನ್ ಗಟ್ಟಿಮುಟ್ಟು, ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ, ಕೆಟ್ಟರೆ ಇಡೀ ಇಂಜಿನ್ನನ್ನೇ ಬದಲಿಸಬಹುದು. ಬದಲಿಸಲಾಗದ್ದು ಮೈ. ಹಾಗಾಗಿ ಪರೀಕ್ಷೆಯನ್ನು ಬಾನೆಟ್ಟಿನಿಂದ ಆರಂಭಿಸದೆ ನೆಲದಿಂದ ಆರಂಭಿಸಬೇಕು. ಹಗಲು ಹೊತ್ತು, ಮಳೆಯಿಲ್ಲದ ದಿನ ಹೋಗಿ. ನೀರು ಬಿದ್ದ ಕಾರು ಎಲ್ಲ ಗೀರನ್ನೂ ಮುಚ್ಚಿಟ್ಟು ಹೊಸದರಂತೆ ಹೊಳೆಯುತ್ತದೆ. ಒಂದು ಹಳೆಯ ಚಾಪೆ, ಒಂದು ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಒಂದು ಬಾಟಲಿ ನೀರು ಜೊತೆಗಿರಲಿ.

ನೀರೇಕೆ ಎಂದು ಕೇಳಬಹುದು. ಚಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂಬದಿಯ ಎರಡು ಮೂಲೆಗಳಿಗೆ ಹರಿದು, ಅಲ್ಲಿರುವ ಕೊಳವೆಗಳ ಮೂಲಕ ಕಾರಿನ ಕೆಳಗೆ, ಹಿಂದಿನ ಚಕ್ರದ ಮುಂಭಾಗದಲ್ಲಿ ಹೊರಬರಬೇಕು. ನಮ್ಮ ತಾರಸಿ ಮನೆಗಳ ನೀರಿನ ಕೊಳವೆಯಂಥದೇ ಏರ್ಪಾಡು, ರೋಗವೂ ಅದೇ. ತರಗೆಲೆ, ದೂಳು ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ನೀರು ಬಾಗಿಲಿನ ಕೆಳಗಿರುವ ಟೊಳ್ಳು ಹೊಸ್ತಿಲೊಳಗೆ ಇಳಿದು ನಿಲ್ಲುತ್ತದೆ. ಹೊಸ್ತಿಲು ಒಳಗಿನಿಂದ ಹೊರಕ್ಕೆ ತುಕ್ಕು ತಿನ್ನುತ್ತ ಬರುತ್ತದೆ. ಹೊರಗಡೆ ಬಣ್ಣದ ಮೇಲೊಂದು ಗುಳ್ಳೆ ಕಾಣಿಸುವಷ್ಟರಲ್ಲಿ ಒಳಗೆ ಕೆಲಸ ಮುಗಿದಿರುತ್ತದೆ. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತನ್ನು ಈ ಹೊಸ್ತಿಲನ್ನು ನೋಡಿಯೇ ಕಟ್ಟಿದಂತಿದೆ.

ಆದ್ದರಿಂದ ಮಾರುವವರ ಅನುಮತಿ ಪಡೆದು, ಆ ಮೂಲೆಗಳಲ್ಲಿ ಒಂದೊಂದು ಲೋಟ ನೀರನ್ನು ಮೆಲ್ಲಗೆ ಹುಯ್ಯಿರಿ. ಎರಡೂ ಬದಿಯಲ್ಲಿ ಕೆಳಗೆ ಸುರಿದರೆ ಸಂತೋಷ. ಹೋದ ನೀರು ಹೊರಬರದಿದ್ದರೆ ಅದು ಎಲ್ಲಿ ಉಳಿಯಿತೆಂದು ನಿಮಗೆ ಗೊತ್ತೇ ಇದೆ. ಆಮೇಲೆ ಚಾಪೆ ಹಾಸಿ ಮಲಗಿ, ಹಿಂದಿನ ಚಕ್ರಕ್ಕೆ ಹತ್ತಿರವಿರುವ ಹೊಸ್ತಿಲ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅದರುದ್ದಕ್ಕೂ ಆಡಿಸಿ. ಎಲ್ಲಿಯೋ ಒಂದೆಡೆ ಅಂಟದೆ ಜಾರಿತೆಂದರೆ ಅಲ್ಲಿ ತಗಡಿಲ್ಲ, ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ಕಾರ್ಪೆಟ್ಟನ್ನು ಎತ್ತಿ ಒದ್ದೆಯಿದೆಯೇ ಎಂದು ಮುಟ್ಟಿ, ಮೂಸಿ ನೋಡುವುದಕ್ಕೂ ನಾಚಬೇಡಿ.

ಇಲ್ಲಿ ಭೂಗೋಳವೂ ಬರುತ್ತದೆ. ಮಿಶಿಗನ್, ಒಹಾಯೋ, ನ್ಯೂಯಾರ್ಕಿನಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ಆದ್ದರಿಂದ ಕಬ್ಬಿಣ ತುಕ್ಕಾಗುವ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಇದು ನಮ್ಮ ಹೈಸ್ಕೂಲಿನ ಪಾಠವೇ. ಅರಿಜೋನಾ, ಕ್ಯಾಲಿಫೋರ್ನಿಯಾಗಳ ಒಣ ಹವೆಯಲ್ಲಿ ಬೆಳೆದ ಕಾರಿನ ತಗಡು ಗಟ್ಟಿಯಾಗಿರುತ್ತದೆ. ಅಲ್ಲಿ ಬಿಸಿಲಿಗೆ ಬಣ್ಣ ಮಾಸಿರುತ್ತದೆ, ಚಾವಣಿಯ ಹಿಂಭಾಗದ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಸೀಳಿರುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಮಾಸಿದ ಬಣ್ಣದ ಮರುಭೂಮಿಯ ಕಾರನ್ನೇ ಆರಿಸುತ್ತೇನೆ. ಚಾವಣಿ ಹೊಸದು ಸಿಗುತ್ತದೆ, ಹೊಸ್ತಿಲನ್ನು ಕತ್ತರಿಸಿ ಬೆಸುಗೆ ಹಾಕಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಚಾಪೆಯಿಂದ ಏಳುವ ಮುನ್ನ ಕಾರಿನ ಅಡಿಯಲ್ಲಿ ಉದ್ದಕ್ಕೂ ಸಾಗುವ ಎರಡು ಉಕ್ಕಿನ ಪಟ್ಟಿಗಳನ್ನು ನೋಡಿ. ತಪ್ಪು ಜಾಗದಲ್ಲಿ ಜಾಕ್ ಕೊಟ್ಟು ಅಲ್ಲಲ್ಲಿ ಚಪ್ಪಟೆಯಾಗಿದ್ದರೆ ಗಾಬರಿ ಬೇಡ, ಅದು ಸಾಮಾನ್ಯ. ತಿರುಚಿದಂತಿದ್ದರೆ, ಮುಂದುಗಡೆ ಸುಕ್ಕುಗಟ್ಟಿದ್ದರೆ ಅದು ಅಪಘಾತದ ಕುರುಹು. ಬಾಗಿಲು, ಬಾನೆಟ್ಟುಗಳ ಅಂಚಿನ ಸಂದು ಎರಡು ಬದಿಗೂ ಒಂದೇ ಸಮ ಇದೆಯೇ ಎಂಬುದೂ ಅದನ್ನೇ ಹೇಳುತ್ತದೆ.

ಈಗ ಇಂಜಿನ್. ಹೋಗುವ ಮುನ್ನವೇ ಫೋನು ಮಾಡಿ, ತಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾವುದೋ ಸದ್ದನ್ನೋ ಹೊಗೆಯನ್ನೋ ಮುಚ್ಚಿಡಲು ಮೊದಲೇ ಓಡಿಸಿಟ್ಟಿರಬಹುದು. ತಣ್ಣಗಿನ ಇಂಜಿನ್ ಸ್ಟಾರ್ಟಾದಾಗ ಒಬ್ಬರು ಹಿಂದೆ ನಿಂತು ಹೊಗೆ ನೋಡಲಿ. ನೀಲಿ ಬಣ್ಣದ್ದಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಚಳಿಯಲ್ಲಿ ಮೊದಲು ಬಿಳಿ ಆವಿ ಬರುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಸೇರುತ್ತಿದೆಯೆಂದು ಅನುಮಾನಿಸಬೇಕು. ರೇಡಿಯೇಟರಿನ ಮೇಲ್ಭಾಗದ ಪ್ಲಾಸ್ಟಿಕ್ ತೊಟ್ಟಿ ಹುಟ್ಟಿನಲ್ಲಿ ಕಪ್ಪು. ಅದು ಕಂದುಬಣ್ಣಕ್ಕೆ ತಿರುಗಿದ್ದರೆ ಬಿರುಕು ಬಿಡುವ ಕಾಲ ಸಮೀಪಿಸಿದೆ.

ಹಳೆಯ ಮಿಯಾಟಾದಲ್ಲಿ ಹೆದರಿಸುವ ದೋಷಗಳೇ ಬೇರೆ, ನಿಜವಾಗಿ ಕೈ ಸುಡುವ ದೋಷಗಳೇ ಬೇರೆ. ಸ್ಟಾರ್ಟಾದ ಹೊಸದರಲ್ಲಿ ಇಂಜಿನ್ನಿನ ತಲೆಯಿಂದ ಹೊಲಿಗೆ ಯಂತ್ರದ ಹಾಗೆ ಟಕಟಕ ಸದ್ದು ಬರುತ್ತದೆ. ಕೇಳಿದವರು ಓಡಿಹೋಗುವಂತಿರುತ್ತದೆ, ಹೆಚ್ಚಿನ ವೇಳೆ ಆಯಿಲ್ ಬದಲಿಸಿದರೆ ಕಡಿಮೆಯಾಗುತ್ತದೆ. ಇಂಜಿನ್ನಿನ ಹಿಂಬದಿಯಲ್ಲಿ ಆಯಿಲ್ ಜಿನುಗಿದ್ದರೆ ಅನೇಕ ವೇಳೆ ಕಾರಣ ಒಂದು ಪುಟ್ಟ ರಬ್ಬರ್ ಉಂಗುರ. ಕ್ಲಚ್ ಪೆಡಲು ಕೆಳಗೇ ಕುಸಿದರೆ ಅದರ ಕೆಳಗಿನ ಪುಟ್ಟ ಸಿಲಿಂಡರು ಸೋರುತ್ತಿರಬಹುದು, ಅದೂ ಅಗ್ಗದ ಕೆಲಸ. ಎರಡನೇ ಗಿಯರು ತಣ್ಣಗಿದ್ದಾಗ ಬಿಗಿಯಾಗಿದ್ದು ಬಿಸಿಯಾದ ಮೇಲೆ ಸಲೀಸಾದರೆ ಅದು ಈ ಕಾರಿನ ಸ್ವಭಾವ. ಇವನ್ನೆಲ್ಲ ಬೆಲೆ ಇಳಿಸಲು ಬಳಸಿಕೊಳ್ಳಿ.

ಸದ್ದಿಲ್ಲದೆ ಕೈ ಸುಡುವುದು ಇನ್ನೊಂದಿದೆ. 1990ರ ಹಾಗೂ 1991ರ ಆರಂಭದ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂದಿನ ಮೂಗು ಗಿಡ್ಡ. ಅದಕ್ಕೆ ಸಿಕ್ಕಿಸಿದ ಪುಲಿಯ ಬೋಲ್ಟನ್ನು ಯಾರಾದರೂ ಸರಿಯಾಗಿ ಬಿಗಿಯದಿದ್ದರೆ ಕೀಲಿಯ ಜಾಗ ಸವೆದು ಶಾಫ್ಟೇ ಹಾಳಾಗುತ್ತದೆ. ಪುಲಿಯ ಮುಖದಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂಗಿನದು, ಎಂಟಿದ್ದರೆ ನಂತರದ ದಪ್ಪ ಮೂಗಿನದು. ನಾಲ್ಕು ಕಂಡೊಡನೆ ಬೇಡವೆನ್ನಬೇಕಾಗಿಲ್ಲ. ಇಂಜಿನ್ ಓಡುವಾಗ ಪುಲಿ ಓಲಾಡುತ್ತದೆಯೇ ಎಂದು ಟಾರ್ಚು ಹಿಡಿದು ನೋಡಿ. ಓಲಾಡಿದರೆ ನಮಸ್ಕಾರ ಹೇಳಿ ಬನ್ನಿ.

ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ, ಎಂದರೆ ಸುಮಾರು 96,000 ಕಿ.ಮೀ.ಗೊಮ್ಮೆ ಬದಲಿಸಬೇಕು. ಅನೇಕ ಕಾರುಗಳಲ್ಲಿ ಇದು ತುಂಡಾದರೆ ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿಯಾಗಿ ಇಂಜಿನ್ ಚೂರಾಗುತ್ತದೆ. ಈ ಮೊದಲ ತಲೆಮಾರಿನ ಮಿಯಾಟಾದಲ್ಲಿ ಅವೆರಡಕ್ಕೂ ನಡುವೆ ಜಾಗ ಬಿಟ್ಟಿರುವುದರಿಂದ ಇಂಜಿನ್ ಉಳಿಯುತ್ತದೆ. ಆದರೆ ಹೆದ್ದಾರಿಯ ನಡುವೆ ರಾತ್ರಿ ಕಾರು ನಿಂತುಬಿಡುವುದೇನೂ ಸಣ್ಣ ವಿಷಯವಲ್ಲ. ‘ಬದಲಿಸಿದ್ದೇವೆ’ ಎಂಬ ಬಾಯಿಮಾತು ಸಾಲದು, ಬಿಲ್ಲು ಬೇಕು.

ಓಡಿಸಿ ನೋಡುವಾಗ ನಮ್ಮ ಹುಡುಗರಿಗೆ ಒಂದು ತೊಡಕಿದೆ. ಅಲ್ಲಿ ಸ್ಟಿಯರಿಂಗು ಎಡಕ್ಕೆ, ಗಿಯರು ಬಲಗೈಗೆ. ಆ ಗಡಿಬಿಡಿಯಲ್ಲಿ ಕಾರಿನ ದೋಷ ಯಾವುದು, ತನ್ನ ತಡವರಿಕೆ ಯಾವುದು ಎಂದೇ ತಿಳಿಯುವುದಿಲ್ಲ. ಪಳಗಿದ ಸ್ನೇಹಿತರೊಬ್ಬರು ಓಡಿಸಲಿ, ಕೊಳ್ಳುವವರು ಪಕ್ಕದಲ್ಲಿ ಕೂತು ಕಿವಿಗೊಡಲಿ. ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆಯೇ? ನಾಲ್ಕನೇ ಗಿಯರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ಓದಿ. 2315 ಎಂದಿದ್ದರೆ 2015ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೂವು ಸವೆಯದಿದ್ದರೂ ರಬ್ಬರು ಮುದಿಯಾಗಿರುತ್ತದೆ.

ಹಿಂದಿನ ಮಾಲೀಕರು ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ, ಟರ್ಬೊ ಕೂರಿಸಿದ ಕಾರುಗಳ ಮೇಲೆ ಹುಡುಗರಿಗೆ ವಿಶೇಷ ಮೋಹ. ಬೇಡ. ಕಾರ್ಖಾನೆಯಿಂದ ಬಂದ ಹಾಗೇ ಇರುವುದನ್ನು ಹುಡುಕಿ.

ಕಾಗದಪತ್ರದ ಕಡೆ ಬನ್ನಿ. ಗಾಜಿನ ಹತ್ತಿರ ಡ್ಯಾಶ್‌ಬೋರ್ಡಿನ ಮೇಲಿರುವ 17 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯೂ ಮಾಲೀಕತ್ವದ ಪತ್ರವಾದ ಟೈಟಲ್‌ನಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು, ಮಾರುವವರ ಹೆಸರೂ ಅದರಲ್ಲಿರಬೇಕು. ಆ ಪತ್ರದಲ್ಲಿ ‘ಸಾಲ್ವೇಜ್’ ಎಂಬ ಮುದ್ರೆಯಿದ್ದರೆ ಕಾರು ಹಿಂದೊಮ್ಮೆ ರಿಪೇರಿಗೆ ಗಿಟ್ಟದಷ್ಟು ಹಾಳಾಗಿತ್ತೆಂದು ಅರ್ಥ. ಮೀಟರಿನಲ್ಲಿರುವ ಮೈಲಿಯನ್ನು ಅತಿಯಾಗಿ ನಂಬಬೇಡಿ. ಇಷ್ಟು ಹಳೆಯ ಕಾರುಗಳನ್ನು ಮಾರುವಾಗ ಮೈಲಿ ಬರೆದುಕೊಡಬೇಕೆಂಬ ಅಲ್ಲಿನ ಕೇಂದ್ರ ಸರ್ಕಾರದ ನಿಯಮಕ್ಕೆ ವಿನಾಯಿತಿಯಿದೆ.

ಹೆತ್ತವರು ಕೇಳಬೇಕಾದದ್ದು ಇನ್ನೂ ಇದೆ. ಅಮೆರಿಕದಲ್ಲಿ ಮಾರಾಟವಾದ ಮಿಯಾಟಾದಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಮೊದಲಿನಿಂದಲೂ ಇದೆ, ಪಕ್ಕದವರಿಗೆ ಬಂದದ್ದು 1994ರ ಮಾದರಿಯಲ್ಲಿ. ಬ್ರೇಕು ಬಿಗಿದು ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಎಲ್ಲ ಕಾರಿನಲ್ಲಿಲ್ಲ. ಮಗುಚಿದರೆ ತಲೆ ಕಾಯುವುದಕ್ಕೆ ಗಟ್ಟಿ ಚಾವಣಿಯಿಲ್ಲ, ಸೀಟಿನ ಹಿಂದೆ ಉಕ್ಕಿನ ಕಮಾನು ಹಾಕಿಸಿದ್ದರೆ ಉಂಟು. ಎಳೆಯ ವಯಸ್ಸಿನ ಚಾಲಕರಿಗೆ ಅಲ್ಲಿ ವಿಮೆ ದುಬಾರಿ. ಆ ಕಾರಿನ ಸಂಖ್ಯೆ ಕೊಟ್ಟು ವಿಮೆಯ ಮೊತ್ತವನ್ನು ಕೊಳ್ಳುವ ಮುನ್ನವೇ ತಿಳಿದುಕೊಳ್ಳಬೇಕು, ಕೊಂಡ ಮೇಲಲ್ಲ. ಹಿಂದಿನ ಚಕ್ರಗಳಿಂದ ಓಡುವ ಈ ಹಗುರ ಕಾರು ಹಿಮ ಬಿದ್ದ ರಸ್ತೆಯಲ್ಲಿ ಸುಲಭದ ಸಂಗಾತಿಯಲ್ಲ. ಕಾಲೇಜಿಗೆ ಹೋಗಲು ಅದೊಂದೇ ವಾಹನ ಎನ್ನುವುದಾದರೆ ನಾಲ್ಕು ಬಾಗಿಲಿನ ಸಾಧಾರಣ ಕಾರನ್ನೇ ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಮಕ್ಕಳಿಗೆ ಇದು ರುಚಿಸದು, ಗೊತ್ತು.

ಎಲ್ಲ ಸರಿಯಿದೆ ಎನ್ನಿಸಿದರೂ ಮಾರುವವರಿಗೆ ಸಂಬಂಧವಿಲ್ಲದ ಗರಾಜಿನಲ್ಲಿ ಕಾರನ್ನು ಮೇಲಕ್ಕೆತ್ತಿಸಿ, ನಾಲ್ಕು ಸಿಲಿಂಡರುಗಳ ಕಂಪ್ರೆಶನ್ ಅಳೆಸಬೇಕು. ನಾಲ್ಕೂ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸಿಲಿಂಡರಿನಲ್ಲಿ ಏನೋ ಸೋರುತ್ತಿದೆ. ಇದಕ್ಕೆ ತಗಲುವ ಹಣ ಕಾರಿನ ಬೆಲೆಗೆ ಹೋಲಿಸಿದರೆ ಅಲ್ಪ. ಮಾರುವವರು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಒಪ್ಪಿ, ಅಂಕಿಗಳೂ ಸರಿಬಂದು, ಮಗನೋ ಮಗಳೋ ಮತ್ತೆ ಊರಿಗೆ ಫೋನು ಮಾಡಿದಾಗ ತಂದೆ ತಾಯಿ ಕಾರಿನ ಬಣ್ಣ ಯಾವುದೆಂದು ಕೇಳುವುದು ಬೇಡ. ಹೊಸ್ತಿಲಿನ ಅಡಿಯಿಂದ ತೆಗೆದ ಎರಡು ಫೋಟೋ ಮತ್ತು ಬೆಲ್ಟಿನ ಬಿಲ್ಲಿನದೊಂದು ಕಳಿಸಲು ಹೇಳಿ.